ಎಡಗೈ ಬ್ರೇಕು: ಮಗಳಿಗೊಂದು ಪತ್ರ

ಹುಬ್ಬಳ್ಳಿ

ಚಿ. ಮಗಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದ.

ನಿನ್ನೆ ಫೋನಿನ್ಯಾಗ ಮಾತು ಎಲ್ಲಿಂದ ಎಲ್ಲಿಗೋ ಹೋತು. "ಸೈಕಲ್ ಅಂಗಡಿಗೆ ಬಂದ ಮಂದಿ ಮಕ್ಕಳಿಗೆಲ್ಲಾ ಧೈರ್ಯ ಹೇಳ್ತಿ, ನಾ ಹೊಂಟೆ ಅಂದ್ರ ಮಾತ್ರ ಅಪಶಕುನ ನುಡೀತಿ" ಅಂದಿ. ಅದಕ್ಕ ನನ್ನ ಕಡೆ ಉತ್ತರ ಇಲ್ಲ. ದನಿ ಏರಿಸಬಾರದಿತ್ತು, ಅದನ್ನ ಮನಸಿನ್ಯಾಗ ಇಟಗೋಬ್ಯಾಡ. ಹವಾಯಿಯ ಹಲೆಯಾಕಲಾ ಗುಡ್ಡದಿಂದ ಸೈಕಲ್ ಮ್ಯಾಲ ಇಳಿಸೂ ಟೂರ್ ಕಂಪನಿದು ನೀ ಕಳಿಸಿದ ಹಾಳಿ ಪೂರಾ ಓದೇನಿ. ಹೋಗಬ್ಯಾಡ ಅನ್ನೂದಿಲ್ಲ ಈಗ. ದುಡದದ್ದು ನೀ, ರಜಾ ನಿಂದು. ಫೋನಿನ್ಯಾಗ ಹೇಳಿದ್ರ ಹೂಂ ಹೂಂ ಅಂತ ಇನ್ನೊಂದು ಕೆಲಸ ಮಾಡ್ತಿರ್ತಿ, ಅದಕ್ಕ ಬರದು ಕಳಸ್ತೇನಿ.

ಎಲ್ಲಾಕಿಂತ ಮೊದಲ ಇದು. ಅಮೆರಿಕಾದ ಸೈಕಲ್ಲಿಗೆ ಮುಂದಿನ ಗಾಲಿಯ ಬ್ರೇಕು ಎಡಗೈಯಾಗ ಇರ್ತೈತಿ. ನಮ್ಮಲ್ಲಿ ಬಲಗೈಯಾಗ. ನೀ ಸಣ್ಣಾಕಿ ಇದ್ದಾಗಿಂದ ಹೊಡದ ಸೈಕಲ್ಲೆಲ್ಲಾ ಬಲಗೈ ಮುಂದಿನದಕ್ಕ, ಎಡಗೈ ಹಿಂದಿನದಕ್ಕ. ಸ್ಕೂಟಿನೂ ಹಂಗ. ಅಲ್ಲಿಗೆ ಹೋದಮ್ಯಾಲೆ ಸೈಕಲ್ ಮುಟ್ಟೇ ಇಲ್ಲ ಅಂತ ನೀನ ಹೇಳಿದಿ. ಅಂದ್ರ ನಿನ್ನ ಕೈಗೆ ಇನ್ನೂ ಹುಬ್ಬಳ್ಳಿ ರೂಢಿನ ಐತಿ. ಗಾಬರಿ ಆದಾಗ ತಲಿ ವಿಚಾರ ಮಾಡೂದಿಲ್ಲ, ಕೈ ಮಾಡ್ತೈತಿ. ಎಡಗೈ ಅಂದ್ರ ಹಿಂದಿನ ಬ್ರೇಕು, ಜೋರ್ಲೆ ಹಿಡದ್ರೂ ಏನೂ ಆಗೂದಿಲ್ಲ ಅಂತ ಅದಕ್ಕ ಗೊತ್ತು. ಅಲ್ಲಿ ಹಂಗ ಹಿಡದ್ರ ಮುಂದಿನ ಗಾಲಿ ಗಚ್ಚನ ನಿಲ್ತೈತಿ. ಇಳಕಲಿನ್ಯಾಗ ಭಾರ ಮೊದಲ ಮುಂದ ಬಿದ್ದಿರ್ತೈತಿ, ಸೈಕಲ್ ನಿಂತ್ರೂ ನೀ ನಿಲ್ಲೂದಿಲ್ಲ, ಹ್ಯಾಂಡಲ್ ಮ್ಯಾಲಿಂದ ಹಾರಿ ಬೀಳ್ತಿ. ಬಿದ್ರ ಗಲ್ಲ, ಹಲ್ಲು, ಹೆಗಲಿನ ಎಲುವು. ಇಂಥಾ ಟೂರಿಗೆ ಮೋಟಾರ್ ಸೈಕಲ್ಲಿನಂಥಾ ಪೂರ್ತಿ ಮಾರಿ ಮುಚ್ಚೂ ಹೆಲ್ಮೆಟ್ ಕೊಡೂದು ಅದಕ್ಕ.

ಸೈಕಲ್ ಕೈಗೆ ಕೊಟ್ಟ ಕೂಡಲೇ ಹತ್ತಬ್ಯಾಡ. ಬಾಜೂಕ ನಿಂತು ಮುಂದಕ್ಕ ದಬ್ಬು, ಎಡಗಡೆ ಲಿವರ್ ಒಂದನ್ನ ಹಿಡಿ, ಯಾವ ಗಾಲಿ ನಿಲ್ತು ಅಂತ ಕಣ್ಣಿಲೆ ನೋಡು. ಆಮ್ಯಾಲೆ ಬಲಗಡೆದು. ಆಮ್ಯಾಲೆ ಹತ್ತಿ, ಸಪಾಟ ಜಾಗಾದಾಗ ನಡಿಯೂ ವೇಗದಾಗ ಬರೇ ಬಲಗೈಲೆ ನಿಲ್ಲಿಸು, ಬರೇ ಎಡಗೈಲೆ ಅಗದಿ ಹಗರಕ ಹಿಡದು ನೋಡು, ಕಡೀಕ ಎರಡೂ ಕೂಡಿಸಿ. ಮಂದಿ ಫೋಟೋ ತಕ್ಕೊಳ್ಳೂ ಹತ್ತು ನಿಮಿಷದಾಗ ಇದು ಆಗ್ತೈತಿ. ಎಡಗಡೆ ಲಿವರಿಗೆ ಒಂದು ಸುತ್ತು ಕೆಂಪು ಟೇಪ್ ಹಚ್ಚು, ಪರ್ಸಿನ್ಯಾಗ ಒಂದು ತುಂಡು ಇಟ್ಕೊಂಡು ಹೋಗು. ನಗತಾರ, ನಗಲಿ. ನಮ್ಮಂಗ ಬದಲ್ಸಿ ಕೊಡ್ರಿ ಅಂತ ಮಾತ್ರ ಗೈಡ್‌ಗೆ ಕೇಳಬ್ಯಾಡ. ಎಣ್ಣಿ ಪೈಪಿನ ಡಿಸ್ಕ್ ಬ್ರೇಕ್ ಇದ್ರ ಅದು ದಾರಿ ದಂಡ್ಯಾಗ ನಿಂತು ಮಾಡೂ ಕೆಲಸ ಅಲ್ಲ. ಪೈಪಿನ್ಯಾಗ ಒಂದು ಗುಳ್ಳಿ ಗಾಳಿ ಹೊಕ್ರ ಲಿವರ್ ಮೆತ್ತಗಾಗಿ ಹ್ಯಾಂಡಲ್ಲಿಗೇ ಬಂದು ತಾಗ್ತೈತಿ.

ಇಷ್ಟೆಲ್ಲಾ ಓದಿ ಮುಂದಿನ ಬ್ರೇಕ್ ಮುಟ್ಟೂದ ಬ್ಯಾಡ ಅನ್ನಬ್ಯಾಡ ಮತ್ತ. ಸೈಕಲ್ ನಿಲ್ಲಿಸೂ ಶಕ್ತಿ ಹೆಚ್ಚಿಂದು ಮುಂದಿನ ಗಾಲ್ಯಾಗ ಐತಿ. ಬರೇ ಹಿಂದಿಂದ ಹಿಡದ್ರ ಗಾಲಿ ಜಾರಿ ಬಾಲ ಬೀಸ್ತೈತಿ, ಒದ್ದಿ ದಾರ್ಯಾಗಂತೂ ಕೇಳೂದ ಬ್ಯಾಡ. ಎರಡೂ ಕೂಡೇ ಹಿಡೀಬೇಕು, ಎಡಗೈ ಎರಡು ಬಟ್ಟಿಲೆ, ಸಾವಕಾಶ ಬಿಗಿ ಮಾಡಿಕೋತ.

ಈಗ ಗುಡ್ಡದ ಮಾತು. ಹಲೆಯಾಕಲಾದ ತುದಿ 3,055 ಮೀಟರ್. ಮೊದಲ ಸೈಕಲ್ ಟೂರು ಮಾಡಿಸೂ ಕಂಪನಿಗಳು ಅಗದಿ ತುದಿಯಿಂದ ಇಳಸ್ತಿದ್ವು. ಅಪಘಾತದಾಗ ಮಂದಿ ಸತ್ತಮ್ಯಾಲೆ 2007ರಾಗ ನ್ಯಾಷನಲ್ ಪಾರ್ಕಿನವರು ಪಾರ್ಕಿನ ಒಳಗ ಅದನ್ನ ಬಂದ್ ಮಾಡಿದ್ರು. ಹಿಂಗಾಗಿ ಈಗ ವ್ಯಾನಿನ್ಯಾಗ ತುದಿಗೆ ಒಯ್ದು ಸೂರ್ಯೋದಯ ತೋರಿಸ್ತಾರ, ತಿರುಗಿ ವ್ಯಾನಿನ್ಯಾಗ ಪಾರ್ಕಿನ ಹೊರಗ, ಸುಮಾರು 6,500 ಅಡಿಗೆ ಇಳಿಸಿ ಅಲ್ಲಿಂದ ಸೈಕಲ್ ಕೊಡ್ತಾರ. 6,500 ಅಡಿ ಅಂದ್ರ ಸಣ್ಣದು ಅನಕೋಬ್ಯಾಡ. ಕರ್ನಾಟಕದಾಗ ಎಲ್ಲಾಕಿಂತ ಎತ್ತರದ್ದು ಮುಳ್ಳಯ್ಯನಗಿರಿ. ಅದಕ್ಕಿಂತ ತಟಗ ಮ್ಯಾಲಿಂದ ಹೊಂಟು ಪಾಯಿಯಾ ಊರಿನ ಸಮುದ್ರದ ದಂಡಿತನಕ ಇಳೀತಿ ನೀ, ಸುಮಾರು 23 ಮೈಲಿ. ಸರಾಸರಿ ನೂರು ಮೀಟರಿಗೆ ಐದು ಮೀಟರ್ ಇಳಕಲು. ನಮ್ಮೂರ ನೃಪತುಂಗ ಬೆಟ್ಟದ ಇಳಕಲು ಸುರು ಆಗೂದ್ರಾಗ ಮುಗೀತೈತಿ, ಇದು ಮುಗಿಯೂದ ಇಲ್ಲ.

ಉದ್ದ ಇಳಕಲಿಗೆ ಅಂಜಬೇಕಾದ್ದು ವೇಗಕ್ಕಷ್ಟ ಅಲ್ಲ, ಕಾವಿಗೆ. ನೀ ಮತ್ತ ಸೈಕಲ್ ಕೂಡಿ 75 ಕಿಲೋ ಹಿಡಿ. ಅಷ್ಟು ಭಾರ 2,000 ಮೀಟರ್ ಕೆಳಗ ಇಳದ್ರ ಹುಟ್ಟೂ ಶಾಖದಾಗ ನಾಕೂವರಿ ಲೀಟರ್ ತಣ್ಣೀರು ಕುದಿ ಬರ್ತೈತಿ. ಒಂದಿಷ್ಟನ್ನ ಗಾಳಿ ತಿಂತೈತಿ, ಉಳದದ್ದೆಲ್ಲಾ ಬ್ರೇಕಿಗೆ. ಅಂಕೋಲಾಕ್ಕ ಹೋಗೂ ಮುಂದ ಅರಬೈಲ್ ಘಟ್ಟದಾಗ ಲಾರಿಗಳು ಬ್ರೇಕ್ ಕಾಯ್ದು ದಂಡಿಗೆ ನಿಂತಿರ್ತಾವಲ್ಲ, ಸೈಕಲ್ಲಿಗೂ ಅದ ಹಣೆಬರಹ. ಅಂಜಿದವರು ಮಾಡೂದು ಏನಂದ್ರ, ಮ್ಯಾಲಿಂದ ಕೆಳಗಿನತನಕ ಲಿವರ್ ಬಿಡದ ಹಿಡದಿರ್ತಾರ. ಡಿಸ್ಕಿಗೆ ತಣ್ಣಗಾಗಾಕ ಪುರಸತ್ತು ಸಿಗೂದಿಲ್ಲ, ಡಿಸ್ಕ್ ಒತ್ತಿ ಹಿಡಿಯೂ ಪ್ಯಾಡ್ ಹೊಳಪು ಬಂದು ಹಿಡಿತ ಬಿಡ್ತಾವು, ಬೆರಳು ಸೋತು ಬರ್ತಾವು. ರಿಮ್ಮಿಗೆ ರಬ್ಬರ್ ತಾಗೂ ಬ್ರೇಕ್ ಇದ್ರ ರಿಮ್ ಕಾಯ್ದು ಟ್ಯೂಬ್ ಒಡಿಯೂದೂ ಉಂಟು. ಹಂಗ ಮಾಡಬ್ಯಾಡ. ಹಿಡದು ವೇಗ ಇಳಸು, ಪೂರಾ ಬಿಡು, ಉರಳಾಕ ಬಿಡು, ಮತ್ತ ಹಿಡಿ. ಹೊರಳು ಬರೂಕಿಂತ ಮೊದಲ, ಸೈಕಲ್ ನೆಟ್ಟಗ ಇದ್ದಾಗನ ವೇಗ ಇಳಿಸಿ ಮುಗಸಿರಬೇಕು. ಹೊರಳಿನ್ಯಾಗ ಹೊಕ್ಕಮ್ಯಾಲೆ, ಸೈಕಲ್ ವಾಲಿದಾಗ, ಮುಂದಿನ ಬ್ರೇಕ್ ಜಗ್ಗಿದ್ರ ಗಾಲಿ ಕಾಲಡಿಯಿಂದ ಜಾರಿ ಹೋಗ್ತೈತಿ. ನಿಂತಾಗ ಡಿಸ್ಕ್ ಮುಟ್ಟಿ ನೋಡಬ್ಯಾಡ, ಬೊಬ್ಬಿ ಬರ್ತಾವು.

ಮೈ ಹೆಂಗ ಇಡಬೇಕು ಅಂದ್ರ: ನೆಟ್ಟನ ದಾರ್ಯಾಗ ಎರಡೂ ಪೆಡಲ್ ಒಂದ ಮಟ್ಟಕ್ಕ, ಮಣಕಾಲು ಮೊಣಕೈ ಸಡಲ, ಕುಂಡಿ ಸೀಟಿನ ಹಿಂದ ತುಸು ಸರದಿರಲಿ. ಹೊರಳಿನ್ಯಾಗ ಹೊರಗಿನ ಕಾಲಿನ ಪೆಡಲ್ ಕೆಳಗ, ಅದರ ಮ್ಯಾಲ ಭಾರ. ಒಳಗಿನ ಪೆಡಲ್ ಕೆಳಗ ಬಿಟ್ರ ನೆಲಕ್ಕ ತಾಗಿ ಎತ್ತಿ ಒಗೀತೈತಿ. ಕಣ್ಣು ಹೊರಳಿನ ಆ ಕಡೆ ಇರಲಿ. ಕಂದಕ ನೋಡಕೋತ ಹೋದ್ರ ಕಂದಕಕ್ಕ ಹೋಗ್ತಿ.

ದಾರಿ ಬಲಗಡೆದು. ಕಾರು ನಿನ್ನ ಎಡಗಡೆಯಿಂದ ದಾಟ್ತಾವು. ಅಂದ್ರ ತಿರುಗಿ ನೋಡೂದು ಎಡ ಹೆಗಲಿನ ಮ್ಯಾಲಿಂದ, ನಮ್ಮಂಗ ಬಲಕ್ಕಲ್ಲ. ಆ ಗುಡ್ಡದ ದಾರ್ಯಾಗ ದಂಡಿಗೆ ಜಾಗಾ ಭಾಳ ಇಲ್ಲ. ಹಿಂದ ಗಾಡಿ ಸಾಲು ಹಚ್ಚಿದ್ರ ಗೈಡ್ ಎಲ್ಲಾರನ್ನೂ ಬಾಜೂಕ ನಿಲ್ಲಿಸಿ ಬಿಡ್ತಾನ. ಮುಂದಿನವರಿಂದ ಐದಾರು ಸೈಕಲ್ ಉದ್ದದಷ್ಟು ಅಂತರ ಇಡು. ತಾಸಿಗೆ 40 ಕಿಲೋಮೀಟರ್ ವೇಗಕ್ಕ ಒಂದು ಸೆಕೆಂಡಿಗೆ 11 ಮೀಟರ್ ಹೋಗ್ತಿ. ಬ್ರೇಕ್ ಹಿಡೀಬೇಕು ಅನ್ನೂ ವಿಚಾರ ಬೆರಳಿಗೆ ಬರೂದ್ರಾಗನ ಆ 11 ಮೀಟರ್ ಮುಗದಿರ್ತೈತಿ. ವೇಗ ಎರಡು ಪಟ್ಟಾದ್ರ, ಬ್ರೇಕ್ ಹಿಡದಮ್ಯಾಲೆ ನಿಲ್ಲಾಕ ನಾಕು ಪಟ್ಟು ಜಾಗಾ ಬೇಕು. ಒಂದು ಕೈಲೆ ಮೊಬೈಲ್ ಹಿಡದು ವಿಡಿಯೋ ಮಾಡೂ ಹುಚ್ಚತನ ಬ್ಯಾಡ. ಆಗ ಬ್ರೇಕಿಗೆ ಉಳಿಯೂ ಇನ್ನೊಂದು ಕೈ ಎಡಗೈ ಅಂತ ಬಿಡಿಸಿ ಹೇಳಬೇಕೇನು?

ಹತ್ತೂ ಮೊದಲ ಮತ್ತ ಒಂದೆರಡು ನೋಡು. ಲಿವರ್ ಪೂರಾ ಒತ್ತಿದ್ರೂ ಹ್ಯಾಂಡಲ್ಲಿಗೂ ಲಿವರಿಗೂ ನಡಕ ಒಂದು ಬಟ್ಟಿನ ಸಂದಿ ಉಳೀಬೇಕು. ಮುಂದಿನ ಬ್ರೇಕ್ ಹಿಡದು ಸೈಕಲ್ ಹಿಂದ ಮುಂದ ಅಲಗಾಡಿಸು, ಹ್ಯಾಂಡಲ್ ಬುಡದಾಗ ಕಟಕಟ ಅಂದ್ರ ಅಲ್ಲಿ ಸಡಲ ಐತಿ, ಬ್ಯಾರೆ ಸೈಕಲ್ ಕೇಳು. ಗಾಲಿಯ ನಡುವ ಇದ್ದು ಗಾಲಿನ್ನ ಬಿಗಿ ಹಿಡಿಯೂ ಲಿವರ್ ಪೂರ್ತಿ ಮುಚ್ಚಿರಬೇಕು. ಟಾಯರ್ ಕಲ್ಲಾಗಿರೂದು ಬ್ಯಾಡ, ದಪ್ಪ ಟಾಯರಿಗೆ 35–40 ಪಿಎಸ್‌ಐ ಗಾಳಿ ಸಾಕು. ಸೀಟು ತಟಗ ಕೆಳಗ ಇರಲಿ, ಕುಂತಲ್ಲೇ ಕಾಲು ನೆಲಕ್ಕ ಊರಬೇಕು. ಅವರು ನಕ್ಕೋತ "ಎಲ್ಲಾ ಚೆಕ್ ಆಗೈತಿ" ಅಂತಾರ. ನೀ ನೋಡು. ಸೈಕಲ್ ಅಂಗಡಿಯಾಕಿ ಮಗಳು ನೋಡದ ಹತ್ತಿದ್ಲು ಅಂದ್ರ ಚಂದ ಕಾಣೂದಿಲ್ಲ.

ಥಂಡಿ. ಸಾವಿರ ಮೀಟರ್ ಏರಿದ್ರ ಆರೂವರಿ ಡಿಗ್ರಿ ಕಡಿಮಿ ಆಗ್ತೈತಿ, ತುದ್ಯಾಗ ಬೆಳಗಿನ ಜಾವ ಒಮ್ಮೊಮ್ಮೆ ಸೊನ್ನಿಗೂ ಇಳೀತೈತಿ. ಬಿಸಿಲಿನ ದ್ವೀಪ ಅಂತ ಒಂದ ಅಂಗಿ ಮ್ಯಾಲ ಹೋದ್ರ ಬೆರಳು ಮರಗಟ್ಟತಾವು, ಮರಗಟ್ಟಿದ ಬೆರಳಿಗೆ ಲಿವರ್ ಎಷ್ಟು ಒತ್ತೇನಿ ಅನ್ನೂದು ತಿಳಿಯೂದಿಲ್ಲ. ಕೈಗವಸು ತೆಳುವು ಇರಲಿ, ಬೆಚ್ಚಗೂ ಇರಲಿ. ಒಂದರ ಮ್ಯಾಲ ಒಂದು ಹಾಕ್ಕೊಂಡು ಇಳಕೋತ ತಗಿ, ತಗದದ್ದನ್ನ ಸೊಂಟಕ್ಕ ಕಟಗೋಬ್ಯಾಡ, ವ್ಯಾನಿನ್ಯಾಗ ಹಾಕು. ಸ್ಕಾರ್ಫಿನ ಸೆರಗು, ಬೂಟಿನ ಲೇಸು ಯಾವುದೂ ಚೈನಿನ ಕಡೆ ಜೋತಾಡಬಾರದು. ಮ್ಯಾಲ ಮೋಡದಾಗ ಹೊಕ್ರ ದಾರಿ ಒದ್ದಿ ಇರ್ತೈತಿ. ಒದ್ದಿ ಎಲಿ, ದಾರಿ ಮ್ಯಾಲಿನ ಬಿಳಿ ಪಟ್ಟಿ, ದನ ದಾಟಬಾರದು ಅಂತ ಹಾಕಿದ ಕಬ್ಬಿಣದ ಜಾಲರಿ, ಮೂರೂ ಜಾರ್ತಾವು. ನೆಟ್ಟಗ ದಾಟು, ದಾಟೂ ಮುಂದ ಬ್ರೇಕ್ ಬ್ಯಾಡ.

ಸ್ಕೂಬಾ ಶನಿವಾರ, ಗುಡ್ಡ ಐತವಾರ ಅಂದಿದ್ದಿ. ಅದನ್ನ ಅದಲ ಬದಲ ಮಾಡು, ಇದಕ್ಕ ಮಾತ್ರ ನಾ ಜಗಳಾಡಾಕ ತಯಾರ ಇದ್ದೇನಿ. ನೀರಿನ ಆಳದಾಗ ಉಸರಾಡಿದ ನೈಟ್ರೋಜನ್ ಮೈಯಾಗ ಕರಗಿ ಉಳದಿರ್ತೈತಿ. ಏಕದಂ ಎತ್ತರಕ್ಕ ಹೋದ್ರ ಹೊರಗಿನ ಒತ್ತಡ ಇಳದು ಅದು ಗುಳ್ಳಿ ಆಗ್ತೈತಿ, ಕೀಲು ನೋವಿನಿಂದ ಹಿಡದು ಲಕ್ವಾತನಕ. ಡೈವ್ ಮಾಡಿ ವಿಮಾನ ಹತ್ತಬಾರದು ಅನ್ನೂದು ಅದಕ್ಕ. ವಿಮಾನದ ಒಳಗಿನ ಒತ್ತಡ ಹೆಚ್ಚಂದ್ರ 2,400 ಮೀಟರ್ ಎತ್ತರದಷ್ಟು, ಈ ಗುಡ್ಡ ಅದಕ್ಕಿಂತ ಮ್ಯಾಲ. ಮೊದಲ ಗುಡ್ಡ, ಆಮ್ಯಾಲೆ ಸಮುದ್ರ. ಆಗೂದಿಲ್ಲ ಅಂದ್ರ ನಡಕ ಪೂರಾ ಒಂದು ದಿನ, 24 ತಾಸು, ಬಿಡು.

ಇನ್ನ ವ್ಯಾನಿನ ಮಾತು. ಗುಂಪಿನ ಹಿಂದ ಅದು ಬರೂದು ಅಂದ-ಚಂದಕ್ಕಲ್ಲ. ಕೈ ಸೋತ್ರ, ಮೋಡ ದಟ್ಟ ಆದ್ರ, ಮನಸ್ಸು ಒಲ್ಲೆ ಅಂದ್ರ, ಗೈಡ್‌ಗೆ ಹೇಳಿ ಹತ್ತಿ ಕೂಡು. ಗೆಳತ್ಯಾರು ಏನಂತಾರ ಅಂತ ನೀ ಕೂಡೂದಿಲ್ಲ, ನಂಗ ಗೊತ್ತೈತಿ. ಎಲ್ಲಾದ್ರಾಗೂ ಹಂಗ ನೀ, ಒಮ್ಮೆ ಹಿಡದದ್ದನ್ನ ಬಿಡೂ ಪೈಕಿ ಅಲ್ಲ. ಪರೀಕ್ಷೆಗೆ, ನೌಕರಿಗೆ ಅದು ಚಲೋ. ಅದಕ್ಕ ಇವತ್ತು ಅಲ್ಲಿ ಇದ್ದಿ, ಓಣ್ಯಾಗ ಕೇಳಿದವರಿಗೆಲ್ಲಾ ನಾ ಎದಿ ಉಬ್ಬಿಸಿ ಹೇಳ್ತೇನಿ. ಆದ್ರ ಇಳಕಲಿನ ಮುಂದ ಹಟ ನಡಿಯೂದಿಲ್ಲ. ಮನಿಷ್ಯಾ ಅನ್ನಾವ ಎಲ್ಲಿ ಬಿಡಬೇಕು ಅನ್ನೂದನ್ನೂ ಕಲೀಬೇಕು, ನಿಮ್ಮಪ್ಪಗ ಅದು ಇವತ್ತಿಗೂ ಬಂದಿಲ್ಲ, ನೀನೂ ಅವರ ಹಂಗ... ಉಪದೇಶ ಸುರು ಆತು ನೋಡು. ಇರಲಿ.

ಸಹಿ ಮಾಡೂ ಹಾಳ್ಯಾಗ "ಏನಾದ್ರೂ ಆದ್ರ ಕಂಪನಿ ಹೊಣಿ ಅಲ್ಲ" ಅಂತ ಇರ್ತೈತಿ. ನಿನ್ನ ಇನ್ಶೂರೆನ್ಸಿಗೆ ಇಂಥಾ ಸಾಹಸದ ಆಟ ಬರ್ತೈತೋ ಇಲ್ಲೋ ಕೇಳಿಟಗೋ, ಅಲ್ಲಿಯ ದವಾಖಾನಿ ಬಿಲ್ಲು ನಮ್ಮ ಅಂಗಡಿ ಮಾರಿದ್ರೂ ತೀರೂದಿಲ್ಲ.

ನಿಮ್ಮಪ್ಪ "ಆಕಿಗೆಲ್ಲಾ ಗೊತ್ತಿರ್ತೈತಿ, ಸುಮ್ಮನಿರು" ಅಂತಾರ. ಅಂದಾವರು ರಾತ್ರಿ ಎದ್ದು ಕುಂತು ಅದ ಗುಡ್ಡದ ದಾರಿ ಮೊಬೈಲಿನ್ಯಾಗ ನೋಡಾಕತ್ತಿದ್ರು. ನಾ ನೋಡಿಲ್ಲ ಅನ್ನೂಹಂಗ ಮಲಗಿದ್ದೆ.

ಆ ಹಾಳ್ಯಾಗ ಬ್ರೇಕ್ ಯಾವ ನಮೂನಿದು ಅಂತ ಬರದಿಲ್ಲ. ಫೋನ್ ಮಾಡಿ ಕೇಳು, ಡಿಸ್ಕೋ, ರಿಮ್ಮಿಗೆ ತಾಗೂದೋ, ಪೆಡಲ್ ಹಿಂದಕ್ಕ ತುಳದ್ರ ನಿಲ್ಲೂದೋ. ಪೆಡಲ್ಲಿಂದಿದ್ರ ನಾ ಬ್ಯಾರೆ ಬರೀಬೇಕಾಗ್ತೈತಿ.

ನಿನ್ನ ಅವ್ವ

ತಾ.ಕ.: ಬಿಸಿಲಿಗೆ ಹಚ್ಚೂ ಕ್ರೀಮು ಸೈಕಲ್ ಮುಟ್ಟೂ ಮೊದಲ ಹಚ್ಚಿ ಕೈ ತೊಳಕೋ. ಆ ಜಿಡ್ಡು ಡಿಸ್ಕಿಗೆ ತಾಗಿದ್ರ ಪ್ಯಾಡ್ ಕುಡೀತಾವು, ಆಮ್ಯಾಲೆ ಎಷ್ಟು ಒತ್ತಿದ್ರೂ ಕಿರ್ರ್ ಅಂತಾವ ಹೊರ್ತು ಹಿಡಿಯೂದಿಲ್ಲ.