ಕಾನೂನು ಬಂದ ಮೇಲೆ ಏನಾಯಿತು?

ಮಾನ್ಯ ಸಂಪಾದಕರೇ, ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದರು. ಅಮೆರಿಕದಲ್ಲಿ ಲಿಂಕನ್ ಗುಲಾಮಗಿರಿ ಮುಗಿಸಿದ, ನಮ್ಮಲ್ಲಿ 1974ರ ಭೂಸುಧಾರಣೆ ಗೇಣಿ ಮುಗಿಸಿತು, ಇಷ್ಟಾದರೂ ಮಲೆನಾಡಿನವರು ಭೂಮಿ, ಹಕ್ಕು ಅಂತ ಧರಣಿ ಕೂರುವುದು ಯಾಕೆ ಎಂದು ಅವರ ಪ್ರಶ್ನೆ. ನಾನು ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆದು ಬದುಕುವವನು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಲೈಬ್ರರಿ ಪುಸ್ತಕ ಓದುವ ಚಟ ಇದೆ. ಹಾಗಾಗಿ ಈ ಪತ್ರ.

ಲಿಂಕನ್ ಕೊಲೆಯಾದದ್ದು 1865ರ ಏಪ್ರಿಲ್‌ನಲ್ಲಿ. ಗುಲಾಮಗಿರಿ ರದ್ದು ಮಾಡಿದ ಸಂವಿಧಾನದ 13ನೇ ತಿದ್ದುಪಡಿ ಊರ್ಜಿತವಾದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಸುಮಾರು 40 ಲಕ್ಷ ಜನ ಬಿಡುಗಡೆಯಾದರು. ಸರಿ, ಮರುದಿನ ಬೆಳಿಗ್ಗೆ ಅವರು ಉಣ್ಣುವುದು ಏನನ್ನು? ಕೈಯಲ್ಲಿ ಕಾಸಿಲ್ಲ, ಕಾಲೂರಲು ಸ್ವಂತ ನೆಲವಿಲ್ಲ. ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧ ಎಂದು ದಕ್ಷಿಣದ ಹಲವು ರಾಜ್ಯಗಳಲ್ಲಿ ಕಾನೂನಿತ್ತು.

ಗುಲಾಮಗಿರಿಯ ವಿಚಾರವಾಗಿ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ನಡೆದ ಯುದ್ಧ ಇನ್ನೂ ಮುಗಿಯುವ ಮೊದಲೇ, 1865ರ ಜನವರಿಯಲ್ಲಿ, ಕೇಂದ್ರ ಸೈನ್ಯದ ಜನರಲ್ ಶೆರ್ಮನ್ ಒಂದು ಹುಕುಂ ಹೊರಡಿಸಿದ್ದ. ಸೌತ್ ಕ್ಯಾರೊಲಿನಾ, ಜಾರ್ಜಿಯಾ, ಫ್ಲಾರಿಡಾ ಕರಾವಳಿಯ ಜಮೀನನ್ನು ಬಿಡುಗಡೆಯಾದ ಕುಟುಂಬಗಳಿಗೆ ತಲಾ 40 ಎಕರೆವರೆಗೆ ಹಂಚಬೇಕು ಎಂದು. ಸುಮಾರು 40,000 ಜನ ಅಲ್ಲಿ ನೆಲೆ ನಿಂತು ಉಳುಮೆ ಶುರು ಮಾಡಿದರು. ಲಿಂಕನ್ ನಂತರ ಬಂದ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದನ್ನು ತಿರುವಿಹಾಕಿದ. ಹಳೆಯ ಮಾಲೀಕರಿಗೆ ಕ್ಷಮೆ ಕೊಟ್ಟ, ಕ್ಷಮೆಯ ಜೊತೆಗೆ ಜಮೀನನ್ನೂ ವಾಪಸ್ ಕೊಟ್ಟ.

ಇದನ್ನು ಹೇಳಲು ಸೌತ್ ಕ್ಯಾರೊಲಿನಾದ ಎಡಿಸ್ಟೊ ಎಂಬ ದ್ವೀಪಕ್ಕೆ ಬಂದವರು ಜನರಲ್ ಹೊವಾರ್ಡ್. ಬಿಡುಗಡೆಯಾದವರ ನೆರವಿಗೆಂದೇ ಕಟ್ಟಿದ್ದ ಸರ್ಕಾರಿ ಇಲಾಖೆಯ ಮುಖ್ಯಸ್ಥ. ಒಳ್ಳೆಯ ಮನುಷ್ಯ, ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ. ಹಳೆಯ ಧಣಿಗಳನ್ನು ಕ್ಷಮಿಸಿ, ಅವರ ಕೈಕೆಳಗೇ ಕೂಲಿ ಮಾಡಿ ಎಂದು ತಿಳಿಹೇಳಿದ. ಆಗ ದ್ವೀಪದವರು ಒಂದು ಸಮಿತಿ ಮಾಡಿಕೊಂಡು ಅರ್ಜಿ ಬರೆದರು. ಅದರ ತಾತ್ಪರ್ಯ ಹೀಗಿದೆ: ನೀವು ಯುದ್ಧದಲ್ಲಿ ಕೈ ಕಳೆದುಕೊಂಡವರು, ನೀವು ಬೇಕಾದರೆ ಅವರನ್ನು ಕ್ಷಮಿಸಬಹುದು. ನನ್ನನ್ನು ಮರಕ್ಕೆ ಕಟ್ಟಿ 39 ಏಟು ಹೊಡೆದವನನ್ನು, ನನ್ನ ತಾಯಿಯನ್ನೂ ತಂಗಿಯನ್ನೂ ಬೆತ್ತಲೆ ಮಾಡಿ ಬಾರಿಸಿದವನನ್ನು ನಾನು ಹೇಗೆ ಕ್ಷಮಿಸಲಿ? ಅವನ ಜಮೀನಿನಲ್ಲಿ ಅವನ ಷರತ್ತಿಗೆ ಒಪ್ಪಿ ಹೇಗೆ ದುಡಿಯಲಿ?

ಸಾವಿರಗಟ್ಟಲೆ ಅರ್ಜಿ ಬರೆದ ಕೈ ನನ್ನದು. ಇಷ್ಟು ನೇರವಾಗಿ ಒಂದನ್ನೂ ಬರೆದಿಲ್ಲ. ನಾವು ಬರೆಯುವುದು 'ತಮ್ಮಲ್ಲಿ ವಿನಮ್ರವಾಗಿ ಬೇಡಿಕೊಳ್ಳುವುದೇನೆಂದರೆ' ಅಂತಲೇ. ಆ ಅರ್ಜಿಯಿಂದ ಜಮೀನು ಉಳಿಯಲಿಲ್ಲ ಅನ್ನುವುದು ಬೇರೆ ಮಾತು.

ಅದೇ ವರ್ಷದ ಕೊನೆಗೆ ಮಿಸಿಸಿಪ್ಪಿ ರಾಜ್ಯ ಹೊಸ ಕಾನೂನು ಮಾಡಿತು. ಕಪ್ಪು ಜನ ಪ್ರತಿ ಜನವರಿಯಲ್ಲಿ ತಮಗೆ ಕೆಲಸ ಇದೆ ಎಂಬ ಲಿಖಿತ ಪುರಾವೆ ತೋರಿಸಬೇಕು. ಇಲ್ಲದಿದ್ದರೆ ಅಲೆಮಾರಿ ಎಂದು ದಂಡ. ದಂಡ ಕಟ್ಟದವನನ್ನು, ಅದನ್ನು ಕಟ್ಟಿದವನ ಬಳಿ ದುಡಿಯಲು ಬಿಡುವುದು. ಪಟ್ಟಣದ ಹೊರಗೆ ಅವರು ಜಮೀನು ಗುತ್ತಿಗೆಗೂ ತೆಗೆದುಕೊಳ್ಳುವ ಹಾಗಿಲ್ಲ. ಜೀತ ಅಂದರೆ ಇನ್ನೇನು, ಅಲ್ವಾ?

ಅಮೆರಿಕದ ಸಂಸತ್ತು ಸುಮ್ಮನೆ ಕೂರಲಿಲ್ಲ, ಅದನ್ನೂ ಹೇಳಬೇಕು. 1868ರಲ್ಲಿ 14ನೇ ತಿದ್ದುಪಡಿ ಬಂದು ಪೌರತ್ವ ಸಿಕ್ಕಿತು. 1870ರಲ್ಲಿ 15ನೆಯದು ಬಂದು ಗಂಡಸರಿಗೆ ಮತ ಸಿಕ್ಕಿತು. ಅದೇ ವರ್ಷ ಹೈರಮ್ ರೆವೆಲ್ಸ್ ಎಂಬ ಕಪ್ಪು ಮನುಷ್ಯ ಮಿಸಿಸಿಪ್ಪಿಯಿಂದಲೇ ಸೆನೆಟ್‌ಗೆ ಹೋದ. ಸರ್ಕಾರಿ ಶಾಲೆಗಳು ತೆರೆದವು. ಇದೆಲ್ಲ ನಡೆದದ್ದು ಕೇಂದ್ರದ ಸೈನ್ಯ ದಕ್ಷಿಣದಲ್ಲಿ ಇದ್ದದ್ದರಿಂದ. 1877ರಲ್ಲಿ ಒಂದು ರಾಜಕೀಯ ರಾಜಿ ಆಗಿ ಆ ಕಾವಲೂ ಹೋಯಿತು. 1890ರಲ್ಲಿ ಮಿಸಿಸಿಪ್ಪಿ, ಮತ ಹಾಕಬೇಕಾದರೆ ತೆರಿಗೆ ಕಟ್ಟಿರಬೇಕು, ಸಂವಿಧಾನದ ಸಾಲು ಓದಬೇಕು ಇಲ್ಲವೇ ಓದಿದ್ದನ್ನು ಕೇಳಿ ಅರ್ಥ ಹೇಳಬೇಕು ಎಂದಿತು. ಅಕ್ಷರ ಕಲಿಯಲು ಬಿಡದೇ ಇಟ್ಟವರನ್ನೇ ಓದಿ ತೋರಿಸು ಅನ್ನುವುದು. ಆ ಗಂಟು ಬಿಚ್ಚಲು 1965ರ ಮತದಾನ ಹಕ್ಕು ಕಾಯ್ದೆಯೇ ಬರಬೇಕಾಯಿತು. ನೂರು ವರ್ಷ.

ಇನ್ನು ನಮ್ಮ ಕಡೆಯ ಮಾತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಕೊಳಗದ ಜಗಳದಿಂದ. ಗೇಣಿ ಭತ್ತ ಅಳೆಯುವ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದಿತ್ತು. ಅಮೆರಿಕದ ದಕ್ಷಿಣದ ಪಾಲುಗಾರ ರೈತರಿಗೂ ಇದೇ ಪಾಡು. ಬೀಜ, ಗೊಬ್ಬರ, ಬಟ್ಟೆ ಎಲ್ಲ ಅಂಗಡಿ ಸಾಲ. ಲೆಕ್ಕದ ಪುಸ್ತಕ ಯಜಮಾನನದು. ಹತ್ತಿ ಕುಯ್ಲು ಮುಗಿದ ಮೇಲೆ ನೋಡಿದರೆ ಸಾಲ ಹಾಗೇ ಇರುತ್ತಿತ್ತು. ಕಾಗೋಡಿಗೆ ಬಂದು ಬಂಧನಕ್ಕೊಳಗಾದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ, 1964ರಲ್ಲಿ ಅದೇ ಮಿಸಿಸಿಪ್ಪಿಯ ಜಾಕ್ಸನ್ ನಗರದಲ್ಲಿ ಬಿಳಿಯರ ಹೋಟೆಲಿಗೆ ಹೋಗಿ ಅಲ್ಲೂ ಬಂಧನಕ್ಕೊಳಗಾದರು. ನಮ್ಮ ಜಿಲ್ಲೆಯ ಎಷ್ಟು ಮಕ್ಕಳಿಗೆ ಇದು ಗೊತ್ತಿದೆಯೋ ಕಾಣೆ.

ದೇವರಾಜ ಅರಸರ ಕಾಲದಲ್ಲಿ ನನ್ನ ಅಪ್ಪ ಗೇಣಿಗೆ ಉಳುವ ಗದ್ದೆ ನಮಗೆ ಸೇರಬೇಕು ಎಂದು ಡಿಕ್ಲರೇಷನ್ ಹಾಕಿದರು, ಗದ್ದೆ ನಮ್ಮದಾಯಿತು. ನಾನು ಓದಿದ್ದು ಆ ಗದ್ದೆಯ ಭತ್ತದಲ್ಲಿ. ಒಂದೆರಡು ಎಕರೆ ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯರೂ ಆಗ ಜಮೀನು ಕಳೆದುಕೊಂಡರು, ಅದೂ ಸುಳ್ಳಲ್ಲ. ಆದರೆ ನಮ್ಮ ಗದ್ದೆಯಲ್ಲಿ ನಾಟಿಗೆ, ಕುಯ್ಲಿಗೆ ಬರುತ್ತಿದ್ದ ಕೂಲಿಯವರು ಗೇಣಿದಾರರಾಗಿರಲಿಲ್ಲ. ಅವರಿಗೆ ಡಿಕ್ಲರೇಷನ್ ಹಾಕಲು ಜಾಗವೇ ಇರಲಿಲ್ಲ. ಅವರು ಕಾನು ಅಂಚಿನಲ್ಲಿ ಒಂದು ತುಂಡು ಸವರಿ ಅಡಿಕೆ ಸಸಿ ನೆಟ್ಟರು. ಇವತ್ತು ಬಗರ್ ಹುಕುಂಗೆ, ಅಂದರೆ ಅನುಮತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನಿನ ಸಕ್ರಮಕ್ಕೆ, ನಮೂನೆ 53, ನಮೂನೆ 57 ಹಿಡಿದು ನನ್ನ ಮೇಜಿನ ಮುಂದೆ ನಿಲ್ಲುವವರು ಅವರ ಮಕ್ಕಳು, ಮೊಮ್ಮಕ್ಕಳು.

ಅರಣ್ಯ ಹಕ್ಕು ಕಾಯ್ದೆಯಲ್ಲಂತೂ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಇದ್ದದ್ದಕ್ಕೆ ಸಾಕ್ಷಿ ಕೊಡಬೇಕು. ಮೊನ್ನೆ ಒಬ್ಬ ಅಜ್ಜಿ ಪ್ಲಾಸ್ಟಿಕ್ ಚೀಲದಿಂದ ಒಂದೊಂದೇ ತೆಗೆದು ಇಟ್ಟರು. ರೇಷನ್ ಕಾರ್ಡು, ಮಗನ ಟಿಸಿ, ಮಡಿಕೆಯಲ್ಲಿ ಹರಿದ ಒಂದು ಕಂದಾಯದ ರಸೀದಿ. 'ಇದಕ್ಕಿಂತ ಹಿಂದಿಂದು ಯಾರು ಕೊಟ್ಟಿದ್ರು ಮಾರಾಯ?' ಅಂದರು. ಅಜ್ಜಿಯ ಅತ್ತೆಯ ಕಾಲದಲ್ಲಿ ದುಡಿಸಿಕೊಂಡವರು ಚೀಟಿ ಬರೆದುಕೊಟ್ಟ ಉದಾಹರಣೆ ನಾನು ನೋಡಿಲ್ಲ.

ಊರ ಹಿರಿಯರ ಹೇಳಿಕೆಯನ್ನೂ ಬರೆಸಿಕೊಂಡು ಸಾಕ್ಷಿಯಾಗಿ ತೆಗೆದುಕೊಳ್ಳಬಹುದು ಎಂದು ಅದೇ ಕಾಯ್ದೆಯ ನಿಯಮಗಳಲ್ಲಿದೆ. ತಿರಸ್ಕರಿಸಿದರೆ ಕಾರಣ ಸಮೇತ ಅರ್ಜಿದಾರರಿಗೆ ತಿಳಿಸಬೇಕು ಎಂದೂ ಇದೆ. ನನ್ನ ಹತ್ತಿರ ಬರುವ ಜಾಸ್ತಿ ಜನರಿಗೆ 'ನಿಮ್ದು ವಜಾ ಆಗಿದೆ' ಎಂಬ ಬಾಯಿಮಾತು ಬಿಟ್ಟರೆ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಸಿಕ್ಕಿಲ್ಲ. ಮೇಲಿನ ಸಮಿತಿಗೆ ಹೋಗಲು 60 ದಿನ ಅವಕಾಶ ಇದೆ. ಹಿಂಬರಹವೇ ಕೈಗೆ ಬರದಿದ್ದರೆ ಆ 60 ದಿನವನ್ನು ಎಲ್ಲಿಂದ ಎಣಿಸಬೇಕು? ಸಂಬಂಧಪಟ್ಟ ಅಧಿಕಾರಿಗಳು ನಿಮ್ಮ ಪತ್ರಿಕೆಯಲ್ಲೇ ಉತ್ತರ ಕೊಟ್ಟರೆ, ಕತ್ತರಿಸಿ ಮೇಜಿನ ಮೇಲೆ ಅಂಟಿಸಿಕೊಳ್ಳುತ್ತೇನೆ. ಕೇಳಿದವರಿಗೆಲ್ಲ ಓದಿ ಹೇಳಲು ಅನುಕೂಲ.

ಇಂತಿ,
ಒಬ್ಬ ಅರ್ಜಿ ಬರಹಗಾರ
ಶಿವಮೊಗ್ಗ ಜಿಲ್ಲೆ