ಎಲ್ಲಿ ಬೀಸಲಿ?

ವಿಜಯಪುರ
5 ಮೇ 2015

ಚಿರಂಜೀವಿ ಮಗಳಿಗೆ ಕಾಕಾನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿನ್ನವ್ವ ಫೋನಿನಲ್ಲಿ ಹೇಳಿರುತ್ತಾಳೆ, ಅದು ಬಿಡು. ನಿನ್ನ ಪತ್ರ ಓದಿ ಮಡಚಿಟ್ಟೆ, ಮತ್ತೆ ತೆಗೆದೆ. ಭೂಕಂಪದಲ್ಲಿ ಮನೆಮಾರು ಕಳಕೊಂಡ ನೇಪಾಳದವರಿಗೆ ಅಂತ ಹಾಸ್ಟೆಲ್ಲಿನಲ್ಲಿ ನಲವತ್ತು ಗಂಟು ಬಟ್ಟೆ ಕೂಡಿಸಿದ್ದು ಬರೆದು, ಕೊನೆಗೆ ಒಂದು ಸಾಲು ಹಾಕಿದ್ದೀಯ: "ಕಾಕಾ, ಇದು ಅಲ್ಲಿ ಯಾರಿಗೂ ಬ್ಯಾಡಾದ್ರ?" ರಾತ್ರಿಯೆಲ್ಲ ಅದೇ ಸಾಲು. ನನಗೆ ಆ ವಯಸ್ಸಿನಲ್ಲಿ ಹಾಗೆ ಹೆದರಿಕೆಯೇ ಆಗಿರಲಿಲ್ಲ ನೋಡು.

1993ರ ಸೆಪ್ಟೆಂಬರ್ 30. ಹಿಂದಿನ ದಿನವಷ್ಟೇ ಗಣಪತಿ ಕಳಿಸಿ ಜನ ದಣಿದು ಮಲಗಿದ್ದರು. ನಸುಕಿನ ನಾಲ್ಕರ ಸುಮಾರಿಗೆ ನಮ್ಮ ಅಡಿಗೆಮನೆಯ ಡಬ್ಬಿಗಳು ಕಟಕಟ ಅಂದವು, ಅಷ್ಟೇ. ಅತ್ತ ಮಹಾರಾಷ್ಟ್ರದ ಕಿಲ್ಲಾರಿ ಕಡೆ ಭೂಕಂಪಕ್ಕೆ ಊರಿಗೆ ಊರೇ ನೆಲಕಚ್ಚಿತ್ತು. ಹತ್ತು ಸಾವಿರದ ಹತ್ತಿರ ಜನ ಹೋದರು. ಮನೆಗಳು ನಮ್ಮ ಹಳ್ಳಿಯವುಗಳ ಹಾಗೇ: ದಪ್ಪ ಕಲ್ಲಿನ ಗೋಡೆ, ನಡುವೆ ಬರೀ ಕೆಸರು, ಮೇಲೆ ಮೇಲ್ಮುದ್ದೆಯ ಮಣ್ಣಿನ ಭಾರ.

ನಾನಾಗ ಕಾಲೇಜಿನಲ್ಲಿ ಗುಮಾಸ್ತ. ಹುಡುಗರನ್ನು ಕಟ್ಟಿಕೊಂಡು ಓಣಿ ಓಣಿ ತಿರುಗಿ ಒಂದು ಲಾರಿ ಜೋಳ ಕೂಡಿಸಿದೆ. ಲಾರಿಗೆ ಬ್ಯಾನರ್ ಕಟ್ಟಿಸಿದವನೂ ನಾನೇ. ಸೊಲ್ಲಾಪುರ, ಉಮರ್ಗಾ ದಾಟಿ ಹೋದೆವು. ಒಬ್ಬ ಮುದುಕಿ ಬಂದು ಉಡಿ ಒಡ್ಡಿದಳು, ನಾಲ್ಕು ಸೇರು ಸುರಿದೆವು. ಬೆರಳಿನಿಂದ ಕಾಳು ಕೆದರಿ ನೋಡಿದಳು. ಬಿಳಿಜೋಳ, ಹುಳ ಇಲ್ಲ, ಹರಳಿಲ್ಲ. ಆಮೇಲೆ ಮರಾಠಿಯಲ್ಲಿ ಕೇಳಿದಳು, "ಎಲ್ಲಿ ಬೀಸಲಿ?"

ಬೀಸುಕಲ್ಲು ಗೋಡೆಯ ಕೆಳಗೆ. ಗಿರಣಿ ಬಿದ್ದಿತ್ತು. ಹಂಚಿಲ್ಲ, ಮಳೆಗೆ ಕಟ್ಟಿಗೆ ತೋಯ್ದಿತ್ತು. ನಾನು ಫೋಟೋದವನ ದಾರಿ ಕಾಯುತ್ತಿದ್ದೆ. "ನೋಡೋಣ ತಾಯಿ" ಅಂದೆ. ಹಿಟ್ಟು ಮಾಡಿಸಿಕೊಂಡು ಇನ್ನೊಮ್ಮೆ ಹೋಗಬಹುದಿತ್ತು. ಹೋಗಲಿಲ್ಲ. ಇಲ್ಲಿ ಸತ್ಕಾರ ಇಟ್ಟುಕೊಂಡಿದ್ದರು, ಶಾಲು ಹೊದಿಸಿಕೊಂಡೆ. ಅದು ಟ್ರಂಕಿನಲ್ಲಿದೆ, ಇವತ್ತಿಗೂ ಹೊದ್ದಿಲ್ಲ.

ಅದಕ್ಕೇ ನಿನ್ನ ಸಾಲು ನನ್ನನ್ನು ಬಿಡಲಿಲ್ಲ. 2001ರಲ್ಲಿ ಗುಜರಾತಿನ ಭುಜ್ ಕಡೆ ಭೂಕಂಪವಾದಾಗಲೂ ಹಳೇ ಬಟ್ಟೆ ರಸ್ತೆ ಪಕ್ಕ ರಾಶಿ ಬಿದ್ದಿದ್ದವು. ಈಗ ಕಾಠ್ಮಂಡುವಿನಲ್ಲಿ ದೊಡ್ಡ ವಿಮಾನ ಇಳಿಸುವುದನ್ನೇ ನಿಲ್ಲಿಸಿದ್ದಾರೆ, ರನ್‌ವೇ ಕೆಟ್ಟಿದೆಯಂತೆ. ನಿಮ್ಮ ಗಂಟುಗಳು ಯಾವಾಗ ಮುಟ್ಟಬೇಕು? ನಿನ್ನ ಹೆದರಿಕೆ ಸುಳ್ಳಲ್ಲ, ಅವ್ವಾ. ಬಟ್ಟೆ ಇಲ್ಲೇ ಬೇಕಾದವರಿಗೆ ಕೊಡಿ. ಅಲ್ಲಿಗೆ ರೊಕ್ಕ ಕಳಿಸಿದರೆ ಹತ್ತಿರದ ಪೇಟೆಯಲ್ಲೇ ಬೇಕಾದದ್ದು ಕೊಳ್ಳುತ್ತಾರೆ. ಜೂನಿನಲ್ಲಿ ಮಳೆ ಹಿಡಿಯುತ್ತದೆ, ತಾಡಪತ್ರಿ, ತಗಡು ಬೇಕಾದಾವು. ಆದರೆ ಇದೂ ನನ್ನ ಅಂದಾಜು. ಅಂದಾಜಿನ ಮೇಲೇ ನಾನು ಜೋಳ ಒಯ್ದವನು.

ನೇಪಾಳದ ಸಿಂಧುಪಾಲ್ಚೋಕದ ಹುಡುಗ ನಿಮ್ಮ ಕ್ಲಾಸಿನಲ್ಲೇ ಇದ್ದಾನೆ, ಊಟಕ್ಕೂ ಬರುತ್ತಿಲ್ಲ ಅಂತ ಬರೆದಿದ್ದೀಯ. ಅವನನ್ನು ಯಾರಾದರೂ ಕೇಳಿದಿರಾ? ಮೆರವಣಿಗೆಗೆ ಮುಂದೆ ನಿಲ್ಲು ಅಂತ ಕರೆದಿರಿ, ಅವನು ಬರಲಿಲ್ಲ. ಬರದಿದ್ದದ್ದು ಸರಿಯೇ ಅನ್ನಿಸಿತು ನನಗೆ. ಮುಂದಿನ ತಿಂಗಳು ಅವನಿಗೂ ಪರೀಕ್ಷೆ ಇರಬೇಕಲ್ವಾ? ಊರಿಗೆ ಹೋಗಿ ಬರುವುದಾದರೆ ಹಾಜರಿ, ಫೀಸಿನ ಬಗ್ಗೆ ನಿಮ್ಮ ಪ್ರಿನ್ಸಿಪಾಲರ ಹತ್ತಿರ ನಾಲ್ಕು ಜನ ಹೋಗಿ ಮಾತಾಡಿ. ನೀವು ಯಾರೂ ಈಗಲೇ ನೇಪಾಳಕ್ಕೆ ಹೊರಡಬೇಡಿ, ಅವರ ಅನ್ನ-ನೀರಿಗೆ ನೀವೂ ಪಾಲುದಾರರಾಗುತ್ತೀರಿ. ಜಾಸ್ತಿ ಹೇಳಿದೆನೇನೋ. ಒಮ್ಮೆ ಹೋಗಿ ಫೋಟೋ ತೆಗೆಸಿಕೊಂಡು ಬಂದವನ ಮಾತು, ಎಷ್ಟು ಬೇಕೋ ಅಷ್ಟು ತಗೋ.

ಇದರ ಜೊತೆ ಎರಡು ಸಾವಿರ ರೂಪಾಯಿ ಕಳಿಸುತ್ತಿದ್ದೇನೆ, ನಿನ್ನ ಕಾಕುಗೆ ಗೊತ್ತಿದೆ. ಮೊದಲು ಆ ಹುಡುಗನ ಫೋನಿಗೆ ಊರಿಗೆ ಮಾತಾಡುವಷ್ಟು ಕರೆನ್ಸಿ ಹಾಕಿಸು. ಉಳಿದದ್ದನ್ನು ಏನು ಮಾಡಬೇಕು ಅಂತ ಅವನನ್ನೇ ಕೇಳು.

ಇಂತಿ ನಿನ್ನ ಕಾಕಾ