ಆ ಇಬ್ಬರನ್ನು ದಡ ಮುಟ್ಟಿಸಿದವರಿಗೆ

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ತಿರುಗಾಟ ಮುಗಿಸಿ ನಮ್ಮ ನಾಟಕ ಈ ವಾರ ಕೊನೆಯ ಪ್ರದರ್ಶನ ಕಂಡಿತು. ಪಾಳುಬಿದ್ದ ಗಂಡುಹುಡುಗರ ಹಾಸ್ಟೆಲ್ಲು. ಅದನ್ನು ಕೆಡವುವ ಮುಂಚೆ ಅಳತೆ ತೆಗೆಯಲು ಬಂದ ಮೂವತ್ತರ ಪ್ರಾಯದ ಜೂನಿಯರ್ ಇಂಜಿನಿಯರ್. 1969ರಲ್ಲಿ ಅಲ್ಲೇ ತೀರಿಕೊಂಡು, ಇನ್ನೂ ರಾತ್ರಿ ಪಹರೆ ಬಿಡದ ಡ್ರಾಯಿಂಗ್ ಮಾಸ್ತರ. ಈ ಇಬ್ಬರು ಗಂಡಸರ ನಡುವಿನ ಪ್ರೀತಿಯೇ ಕತೆ. ದೆವ್ವ ನಂಬುವ ಹಾಗಿದ್ದರೆ ಮಾತ್ರ ಆ ಪ್ರೀತಿಯನ್ನೂ ಜನ ನಂಬುತ್ತಾರೆ ಎಂಬುದು ನಮ್ಮ ತಂಡದ ಹಟ. ಅದು ಸಾಧ್ಯವಾದದ್ದು ತಂತಮ್ಮ ಕಸುಬು ಬಲ್ಲ ಹಲವರಿಂದ. ಹೆಸರು ಹಾಕಬೇಡಿರೆಂದವರೇ ಹೆಚ್ಚು. ಹೆಸರು ಬಿಟ್ಟು, ಅವರು ಕೊಟ್ಟ ವಿದ್ಯೆಯನ್ನಾದರೂ ಇಲ್ಲಿ ಬರೆದಿಡುತ್ತೇವೆ. ಮುಂದೆ ಇಂಥ ನಾಟಕ ಕಟ್ಟುವವರಿಗೆ ಉಪಯೋಗಕ್ಕೆ ಬರಲಿ.

ಮೊದಲ ನಮಸ್ಕಾರ ಬೆಳಕಿನವರಿಗೆ. ರಂಗದ ಮೇಲೆ ದೆವ್ವ ತರಲು ಹಳೆಯದೊಂದು ಉಪಾಯವಿದೆ: ದೊಡ್ಡ ಗಾಜನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಮರೆಯಲ್ಲಿ ನಿಂತ ನಟನ ಪ್ರತಿಬಿಂಬವನ್ನು ಅದರಲ್ಲಿ ತೋರಿಸುವುದು. ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ 1862ರಲ್ಲಿ ಇದನ್ನು ಮಾಡಿ ತೋರಿಸಿದ. ನಮಗೂ ಅದರ ಆಸೆಯಿತ್ತು. ಬೆಳಕಿನವರು ಕೂತು ಲೆಕ್ಕ ಹಾಕಿದರು. 8 ಅಡಿ ಅಗಲ, 6 ಅಡಿ ಎತ್ತರ, 6 ಮಿ.ಮೀ. ದಪ್ಪದ ಗಾಜು ಸುಮಾರು 67 ಕೆ.ಜಿ. ತೂಗುತ್ತದೆ. ಟೆಂಪೋದಲ್ಲಿ ಹೇರಿಕೊಂಡು ಊರೂರು ತಿರುಗುವ ತಂಡಕ್ಕೆ ಅದು ಆಗುವ ಮಾತಲ್ಲ. ಅಕ್ರಿಲಿಕ್ ಹಲಗೆ ಅದರ ಅರ್ಧದಷ್ಟೇ ಭಾರವಾದರೂ ಬಾಗುತ್ತದೆ, ಗೀರು ಬೀಳುತ್ತದೆ, ಬಾಗಿದಲ್ಲಿ ಮುಖ ಸೊಟ್ಟಗಾಗುತ್ತದೆ. ಕೊನೆಗೆ ಅವರು ತೋರಿಸಿದ್ದು ಜಾಲರಿ ಬಟ್ಟೆಯ ದಾರಿ. ಹತ್ತಿಯ ಜಾಲರಿ ಬಟ್ಟೆಗೆ ಗೋಡೆಯ ಚಿತ್ರ ಬಿಡಿಸಿ ಬಿಗಿಯಾಗಿ ಕಟ್ಟಿದರಾಯಿತು. ಮುಂದಿನಿಂದ ಬೆಳಕು ಬಿದ್ದರೆ ಅದು ಗೋಡೆ. ಮುಂದಿನ ಬೆಳಕು ಇಳಿಸಿ ಹಿಂದಿನದನ್ನು ಏರಿಸಿದರೆ ಗೋಡೆ ಕರಗಿ, ಒಳಗೆ ಮಾಸ್ತರ ನಿಂತಿರುತ್ತಾನೆ.

ಹೇಳುವಷ್ಟು ಸುಲಭವಲ್ಲ ಇದು. ಬಟ್ಟೆಯಲ್ಲಿ ಒಂದೇ ಒಂದು ನೆರಿಗೆ ಉಳಿದರೂ ಗುಟ್ಟು ರಟ್ಟು. ಅದಕ್ಕೆ ಕೆಳಅಂಚಿಗೆ ಕೊಳವೆ ಹೊಲಿದು ಅದರೊಳಗೆ ಕಬ್ಬಿಣದ ಪೈಪು ತೂರಿಸಬೇಕು. ಮುಂದಿನ ಬೆಳಕು ಎದುರಿನಿಂದ ಬರಬಾರದು. ಎದುರಿನಿಂದ ಬಂದರೆ ಜಾಲರಿಯ ಕಣ್ಣುಗಳಲ್ಲಿ ತೂರಿ ಹಿಂದಿನದನ್ನೆಲ್ಲ ತೋರಿಸಿಬಿಡುತ್ತದೆ. ಮೇಲಿನಿಂದ ಇಲ್ಲವೇ ಪಕ್ಕದಿಂದ, ಬಟ್ಟೆಯನ್ನು ಸವರಿಕೊಂಡು ಬರಬೇಕು. ನಟ ಬಟ್ಟೆಯಿಂದ ಕನಿಷ್ಠ 4 ಅಡಿ ಹಿಂದಿರಬೇಕು, ಅವನ ಬೆನ್ನಿಗೆ ಕಪ್ಪು ಪರದೆ ಇರಲೇಬೇಕು. ದೆವ್ವಕ್ಕೆ ನೆರಳಿಲ್ಲ ಎಂಬ ನಮ್ಮ ಕಡೆಯ ನಂಬಿಕೆಯನ್ನು ಉಳಿಸಿಕೊಳ್ಳಲು ಮಾಸ್ತರನ ತಲೆಯ ಮೇಲಿಂದ ನೆಟ್ಟಗೆ ಬೆಳಕು ಬಿಟ್ಟು, ನೆಲಕ್ಕೆ ಕಪ್ಪು ಜಮಖಾನೆ ಹಾಸಿದರು. ನೆರಳು ಪಾದದಡಿಯಲ್ಲೇ ಉಳಿಯಿತು.

ಎಲ್‌ಇಡಿ ದೀಪಕ್ಕೆ ಅವರು ಸುತಾರಾಂ ಒಪ್ಪಲಿಲ್ಲ. ಅಗ್ಗದ ಡಿಮ್ಮರಿನಲ್ಲಿ ಎಲ್‌ಇಡಿ ಕೊನೆಯ ಹಂತದಲ್ಲಿ ಪಕ್ಕನೆ ಆರುತ್ತದೆ, ಹ್ಯಾಲೋಜನ್ ಮೆಲ್ಲಗೆ ಆರುತ್ತದೆ. ಮಾಸ್ತರ ಮರೆಯಾಗುವ ಗಳಿಗೆಗೆ ಆ ಮೆಲ್ಲಗೆ ಆರುವುದೇ ಪ್ರಾಣ. ಆರುತ್ತ ಹೋದಂತೆ ಹ್ಯಾಲೋಜನ್ ಕೆಂಪಿಗೆ ತಿರುಗುವುದರಿಂದ ತಿಳಿನೀಲಿ ಹಾಳೆ ಕಟ್ಟಿದರು. 1000 ವ್ಯಾಟಿನ 8 ದೀಪ ಒಟ್ಟಿಗೆ ಉರಿದರೆ 35 ಆಂಪಿಯರ್ ಹತ್ತಿರ ಎಳೆಯುತ್ತದೆ. ಹಳ್ಳಿಯ ಸಮುದಾಯ ಭವನದ ಒಂದೇ ಫೇಸಿನ ಮೇಲೆ ಅಷ್ಟು ಭಾರ ಹಾಕಿದರೆ ವೈರು ಕಾಯುತ್ತದೆ, ಫ್ಯೂಸು ಹೋಗುತ್ತದೆ. ಪ್ರತಿ ಊರಲ್ಲೂ ಹೊತ್ತಿಗೆ ಮುಂಚೆ ಬಂದು ಮೂರು ಫೇಸಿಗೆ ಭಾರ ಹಂಚಿಕೊಟ್ಟ ಸ್ಥಳೀಯ ಎಲೆಕ್ಟ್ರಿಷಿಯನ್ನರಿಗೂ ಈ ನಮಸ್ಕಾರ ಸಲ್ಲಬೇಕು.

ಹೊಗೆಗೆ ಡ್ರೈ ಐಸ್ ಬೇಡ ಎಂದವರ ಮಾತು ನಮ್ಮನ್ನು ಕಾಪಾಡಿತು. ಅದು ಮೈನಸ್ 78 ಡಿಗ್ರಿಯ ಘನ ಇಂಗಾಲದ ಡೈಆಕ್ಸೈಡ್. ಬರಿಗೈಯಲ್ಲಿ ಮುಟ್ಟಿದರೆ ಸುಟ್ಟ ಗಾಯದಂತೆ ಬೊಬ್ಬೆ ಏಳುತ್ತದೆ. ಆ ಅನಿಲ ಗಾಳಿಗಿಂತ ಭಾರ, ಕಿಟಕಿ ಮುಚ್ಚಿದ ಭವನದಲ್ಲಿ ಕೆಳಗೇ ಶೇಖರವಾಗುತ್ತದೆ. ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂರುವವರು ಮಕ್ಕಳೇ. ಲೋಬಾನ ಸಾಕಾಯಿತು. ಒಂದು ಚಮಚ ಪುಡಿ, ಅಂಗೈಯಷ್ಟು ಕೆಂಡ, ಜಾಲರಿ ಬಟ್ಟೆಯಿಂದ 6 ಅಡಿ ದೂರ, ಪಕ್ಕದಲ್ಲಿ ಒಂದು ಬಕೆಟ್ ಮರಳು. ಲೋಬಾನದ ವಾಸನೆ ಬಂತೆಂದರೆ ನಮ್ಮ ಪ್ರೇಕ್ಷಕರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಯಂತ್ರದ ಹೊಗೆಗೆ ಆ ಶಕ್ತಿ ಇಲ್ಲ.

ಇನ್ನು ನಿವೃತ್ತ ಮಾಸ್ತರರು ಮತ್ತು ಹಾಸ್ಟೆಲ್ಲಿನ ಹಳೆಯ ಅಡುಗೆಯವರು. 1969ರ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ತಿದ್ದಿದವರು ಇವರೇ: ನೆಹರೂ ಶರ್ಟು, ಪೈಜಾಮ, ಬೆರಳ ತುದಿಗೆ ಶಾಯಿಯ ಕಲೆ, ಗಂಟೆಯ ಬದಲಿಗೆ ನೇತುಹಾಕಿದ ರೈಲು ಕಂಬಿಯ ತುಂಡು. ಮಾಸ್ತರ ಸತ್ತವನೆಂದು ಇಂಜಿನಿಯರಿಗೆ ಗೊತ್ತಾಗುವ ದೃಶ್ಯವೂ ಅವರದೇ ಕೊಡುಗೆ. ಕಿರುಚಾಟವಿಲ್ಲ, ಬಾಗಿಲು ಬಡಿಯುವುದಿಲ್ಲ. ವಿಳಾಸ ಕೇಳಿದಾಗ ಮಾಸ್ತರ, "ಕೊಪ್ಪಳ ತಾಲ್ಲೂಕ, ರಾಯಚೂರ ಜಿಲ್ಲಾ, ಮೈಸೂರ ರಾಜ್ಯ. ಬರ್ಕೊಳ್ರಿ" ಎನ್ನುತ್ತಾನೆ. ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು, ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಇಂಜಿನಿಯರ್ ಬರೆಯುವ ಕೈ ನಿಲ್ಲಿಸುತ್ತಾನೆ. ಮೂರೂ ಜಿಲ್ಲೆಗಳಲ್ಲಿ ಸಭೆ ಉಸಿರು ಹಿಡಿದದ್ದು ಇಲ್ಲೇ.

ವಕೀಲರಿಗೂ ಋಣಿಗಳು. ಮಾಸ್ತರನ ಹೆದರಿಕೆಗೆ ಆಗ ಕಾನೂನಿನ ಆಧಾರವೇ ಇತ್ತು: ಗಂಡಸರಿಬ್ಬರು ಕೂಡುವುದನ್ನೂ ಅಪರಾಧವೆಂದು ಎಣಿಸುತ್ತಿದ್ದ ಭಾರತೀಯ ದಂಡ ಸಂಹಿತೆಯ (ಐಪಿಸಿ) 377ನೇ ಕಲಮಿನ ಅಡಿ ಜೀವಾವಧಿವರೆಗೂ ಶಿಕ್ಷೆ ಕೊಡಬಹುದಿತ್ತು. ವಯಸ್ಕರು ಪರಸ್ಪರ ಒಪ್ಪಿ ಕೂಡುವುದು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಹೇಳಿತು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಒಂದೇ ಲಿಂಗದವರ ಮದುವೆಗೆ ಮಾನ್ಯತೆ ಸಿಗಲಿಲ್ಲ. ಇವೆರಡನ್ನೂ ಕಲಸದೆ ಇಂಜಿನಿಯರಿನ ಬಾಯಲ್ಲಿ ನಾಲ್ಕು ಸಾಲಿಗೆ ಇಳಿಸಿಕೊಟ್ಟವರು ಅವರು. ಹಾಸ್ಟೆಲ್ಲಿನ ಹುಡುಗರು ಈ ಪ್ರೀತಿಯ ಎಳೆಯೊಳಗೆ ಎಲ್ಲೂ ಬರಕೂಡದು, ಪ್ರೀತಿ ಇಬ್ಬರು ವಯಸ್ಕರದೇ ಆಗಿರಬೇಕು ಎಂದು ಪಟ್ಟು ಹಿಡಿದದ್ದೂ ಅವರೇ. ಅದು ಸರಿಯಾದ ಪಟ್ಟು. ಹುಡುಗರು ನಾಟಕದಲ್ಲಿ ಬರಿಯ ಸದ್ದು: ತಾಟು, ಟ್ರಂಕು, ಮಗ್ಗಿಯ ಗುನುಗು.

ಜೋಗತಿ ಮಂಜಮ್ಮನವರಿಗೆ 2021ರಲ್ಲಿ ಪದ್ಮಶ್ರೀ ಬಂದ ಸೀಮೆ ಇದು. ಗಂಡಾಗಿ ಹುಟ್ಟಿ, ದೇವಿಯ ಹೆಸರಲ್ಲಿ ಹೆಣ್ಣಾಗಿ ಬಾಳುವ ಜೋಗತಿಯರನ್ನು ಹುಲಿಗೆಮ್ಮನ ಸನ್ನಿಧಿಯಲ್ಲಿ ಕಂಡು ಬೆಳೆದ ಜನ ನಮ್ಮ ಪ್ರೇಕ್ಷಕರು. ಹಾಗಿದ್ದೂ ಗಂಡಸನ್ನು ಪ್ರೀತಿಸುವ ಗಂಡಸೆಂದರೆ ಹೆಂಗಸಿನ ಹಾಗೆ ಬಳುಕಬೇಕೆಂದು ಬಹಳ ಮಂದಿ ಎಣಿಸುತ್ತಾರೆ. ತಾಲೀಮು ನೋಡಲು ಬಂದ ಜೋಗತಿಯರೇ ಅದನ್ನು ಬಿಡಿಸಿ ಹೇಳಿದರು: "ನಮ್ಮ ಬಾಳೇ ಬ್ಯಾರೆ, ಇವರ ಬಾಳೇ ಬ್ಯಾರೆ. ಇವನ್ನ ನಮ್ಮಂಗ ನಡಸಬ್ಯಾಡ್ರಿ." ಮಾಸ್ತರನ ಭುಜ ನೆಟ್ಟಗಾಯಿತು, ನಡಿಗೆ ಸಾದಾ ಆಯಿತು. ಕೈ ಮುಗಿಯುತ್ತೇವೆ, ತಾಯಂದಿರೇ.

ಆಪ್ತಸಮಾಲೋಚಕರ ಋಣ ಎಲ್ಲಕ್ಕಿಂತ ದೊಡ್ಡದು. ದೆವ್ವದ ಪ್ರೇಮಕತೆ ಎಂದರೆ ಬದುಕಿರುವವನೂ ಸತ್ತು ಆಚೆಗೆ ಹೋಗಿ ಸೇರಿಕೊಳ್ಳುವ ಕೊನೆ ಸುಲಭವಾಗಿ ಕೈಗೆ ಬರುತ್ತದೆ. ಮನೆಯವರಿಗೆ ಹೇಳಲಾಗದೆ ಒಳಗೇ ಬೇಯುತ್ತಿರುವ ಹುಡುಗ ಸಭೆಯಲ್ಲಿ ಕೂತಿದ್ದರೆ ಅವನಿಗೆ ಅದು ಸಾವಿನ ಆಹ್ವಾನವಾಗುತ್ತದೆ ಎಂದು ಅವರು ಎಚ್ಚರಿಸಿದರು. ಆದ್ದರಿಂದ ನಮ್ಮ ಇಂಜಿನಿಯರ್ ಬಾವಿಯತ್ತ ಹೆಜ್ಜೆ ಹಾಕುವಾಗ ಮಾಸ್ತರ ತಡೆಯುತ್ತಾನೆ: "ನೀ ಬದುಕು. ನಾ ಇಲ್ದಂಗ ಆದ ವರ್ಷಾನೂ ನೀನ ಬದುಕು." ಆಟ ಮುಗಿದ ಮೇಲೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಎರಡು ಸಲ ಓದಿ ಹೇಳುವ ರೂಢಿಯೂ ಅವರು ಹಾಕಿಕೊಟ್ಟದ್ದೇ. ಬೇಕಿರುವವರು ಈಗಲೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ.

ಬಂದು ಕೂತವರಿಗೆ, ಮಧ್ಯದಲ್ಲಿ ಎದ್ದು ಹೋಗಿ ಮರುದಿನ ಮತ್ತೆ ಬಂದು ಪೂರ್ತಿ ನೋಡಿದವರಿಗೆ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದ ಅಪ್ಪ ಅವ್ವಂದಿರಿಗೆ ಶರಣು.

ಜಾಲರಿ ಬಟ್ಟೆ, ಪೈಪು, ನೀಲಿ ಹಾಳೆ, ಕಂಬಿಯ ತುಂಡು ಎಲ್ಲವೂ ನಮ್ಮ ತಾಲೀಮು ಕೋಣೆಯಲ್ಲಿವೆ. ಈ ಭಾಗದ ಯಾವ ತಂಡವಾದರೂ ಬಾಡಿಗೆಯಿಲ್ಲದೆ ಒಯ್ಯಬಹುದು. ಬಟ್ಟೆಗೆ ನೀರು ಸೋಕಿಸಬೇಡಿ, ಚಿತ್ರದ ಬಣ್ಣ ಬಿಡುತ್ತದೆ. ಮಡಚಲೂಬೇಡಿ, ಪೈಪಿಗೆ ಸುತ್ತಿಯೇ ಒಯ್ಯಿರಿ.